ಅಂಗಡಿ ಲೈಸೆನ್ಸಿಗೆ ಹತ್ತೊಂಬತ್ತು ಸಲ: ನಮ್ಮೂರಿನ ವಿಲ್ಲೇಜ್ ಆಫೀಸು, ಪಂಚಾಯತ್ ಆಫೀಸು, ಅಕ್ಷಯ

ಮೊನ್ನೆ ಫೋನಿನ ಮ್ಯಾಪಿನಲ್ಲಿ ನಮ್ಮ ವಿಲ್ಲೇಜ್ ಆಫೀಸನ್ನು ಒತ್ತಿ ನೋಡಿದೆ. ಆರು ಜನ ಸ್ಟಾರ್ ಕೊಟ್ಟಿದ್ದಾರೆ. ಐವರು ಒಂದೊಂದೇ ಸ್ಟಾರ್ ಕೊಟ್ಟು ಎಂತದ್ದೂ ಬರೆಯದೆ ಹೋಗಿದ್ದಾರೆ. ಒಬ್ಬರು ಮಾತ್ರ ಐದು ಕೊಟ್ಟು ‘ನೈಸ್ ಪ್ಲೇಸ್’ ಎಂದಿದ್ದಾರೆ, ಅವರು ಎದುರಿನ ಹೋಟೆಲಿಗೆ ಬಂದವರೇ ಇರಬೇಕು. ಆ ಹೋಟೆಲಿನ ಗೋಳಿಬಜೆಯ ಬಗ್ಗೆ ನಲ್ವತ್ತು ಜನ ಬರೆದಿದ್ದಾರೆ. ಗೋಳಿಬಜೆ ಚೆನ್ನಾಗಿಯೇ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಏಳು ತಿಂಗಳಲ್ಲಿ ನಾನು ಈ ಆಫೀಸುಗಳ ಮೆಟ್ಟಲು ಹತ್ತಿದ್ದು ಹತ್ತೊಂಬತ್ತು ಸಲ. ಅಳತೆ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಗೀಟು ಹಾಕಿ ಇಟ್ಟಿದ್ದೇನೆ. ಹಾಗಾಗಿ ಒಂದು ರಿವ್ಯೂ ಬರೆಯುವಷ್ಟು ಅಧಿಕಾರ ನನಗೂ ಉಂಟು.

ಆಫೀಸಿನ ಹೆಸರು ಹಾಕುವುದಿಲ್ಲ. ಕೇರಳದ ಮಂಜೇಶ್ವರ ತಾಲೂಕಿನ ಗಡಿ ಬದಿ ಎಂದರೆ ಸಾಕು. ಅಲ್ಲಿರುವವರು ಕೆಟ್ಟವರಲ್ಲ. ಹೆಸರು ಹಾಕಿ ಅವರ ಹೊಟ್ಟೆಗೆ ಹೊಡೆಯುವುದು ಬೇಡ.

ನಾನು ಟೈಲರ್. ತವರು ವಿಟ್ಲದ ಕಡೆ. ಮದುವೆಯಾಗಿ ಸಾರಡ್ಕದ ಗಡಿ ದಾಟಿ ಈಚೆಗೆ ಬಂದು ಇಪ್ಪತ್ತೊಂದು ವರ್ಷವಾಯಿತು. ಮನೆಯ ಎದುರು ರಸ್ತೆಗೆ ತಾಗಿ ಒಂದು ಕೋಣೆ ಉಂಟು. ಮಾವ ಇರುವಾಗ ಅಲ್ಲಿ ಅಡಿಕೆ ಗೋಣಿ ಇಡುತ್ತಿದ್ದರು, ಈಗ ನನ್ನ ಎರಡು ಮೆಷಿನ್ ಉಂಟು. ಮೂರನೆಯದಾಗಿ ಓವರ್‌ಲಾಕ್ ಮೆಷಿನ್ ತೆಗೆಯುವ ಎಂದು ಬ್ಯಾಂಕಿಗೆ ಹೋದೆ. ಸಾಲ ಕೊಡ್ತೇವೆ, ಪಂಚಾಯತ್ ಲೈಸೆನ್ಸ್ ತನ್ನಿ ಎಂದರು. ಕತೆ ಅಲ್ಲಿಂದ ಸುರು.

ಲೈಸೆನ್ಸಿಗೆ ಕೋಣೆಗೊಂದು ಕಟ್ಟಡ ನಂಬರ್ ಬೇಕು. ನಂಬರಿಗೆ ಜಾಗದ ಈ ವರ್ಷದ ತೀರ್ವೆ, ಅಂದರೆ ಭೂ ತೆರಿಗೆಯ ರಶೀದಿ ಬೇಕು, ಅದೂ ಬದುಕಿರುವವರ ಹೆಸರಿನಲ್ಲಿ. ನಮ್ಮ ರಶೀದಿ ಮಾವನ ಹೆಸರಿನಲ್ಲಿ. ಅದನ್ನು ಬದಲಿಸಲಿಕ್ಕೆ ವಾರಸುದಾರರ ಸರ್ಟಿಫಿಕೇಟ್ ಬೇಕು, ಅದಕ್ಕೆ ಮರಣ ಸರ್ಟಿಫಿಕೇಟ್ ಬೇಕು. ಮರಣ ಸರ್ಟಿಫಿಕೇಟಿನ ಹೆಸರಿಗೂ ದಸ್ತಾವೇಜಿನ ಹೆಸರಿಗೂ ತಾಳೆಯಾಗದಿದ್ದರೆ ಅವರೂ ಇವರೂ ಒಬ್ಬರೇ ಎಂಬುದಕ್ಕೆ ಮತ್ತೊಂದು ಸರ್ಟಿಫಿಕೇಟ್ ಬೇಕು. ರವಕೆಯ ಕಂಕುಳು ಸ್ವಲ್ಪ ಸಡಿಲ ಮಾಡುವ ಎಂದು ಕೂತರೆ ತೋಳು ಬಿಚ್ಚಿ, ಬದಿ ಬಿಚ್ಚಿ, ಕೊನೆಗೆ ಸೊಂಟದ ಪಟ್ಟಿಯನ್ನೂ ಬಿಚ್ಚಬೇಕಾಗುತ್ತದಲ್ಲ, ಹಾಗೆ.

ಮೊದಲನೆಯ ತಪ್ಪು ನನ್ನದೇ. ನಮ್ಮಲ್ಲಿ ಸರಕಾರದ ಕೆಲಸ ಎಂದರೆ ಬಾಯಿಗೆ ಬರುವ ಮಾತು ‘ಪಂಚಾಯತಿಗೆ ಹೋಗು’. ನಾನೂ ಜಾಗದ ಕಾಗದ ಎಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿಕೊಂಡು ಪಂಚಾಯತ್ ಆಫೀಸಿಗೇ ಹೋದೆ. ಟೋಕನ್ ತೆಗೆದು, ಮುಕ್ಕಾಲು ಗಂಟೆ ಕೂತು, ಕೌಂಟರಿನ ಹುಡುಗಿಯ ಎದುರು ಚೀಲ ಬಿಚ್ಚಿದೆ. ಅವಳು ನೋಡಿ ನಗಾಡಿದಳು. ‘ಇದು ವಿಲ್ಲೇಜಿಲಾಣ್ ಚೇಚೀ.’ ವಿಲ್ಲೇಜ್ ಆಫೀಸು ಅಲ್ಲಿಂದ ನೂರು ಹೆಜ್ಜೆ. ನಡುವೆ ಒಂದು ಜೀನಸಿನ ಅಂಗಡಿ ಮಾತ್ರ. ಆದರೆ ಆ ನೂರು ಹೆಜ್ಜೆಯ ಅರ್ಥ ನನ್ನ ತಲೆಗೆ ಹೋಗಲಿಕ್ಕೆ ಎರಡು ತಿಂಗಳು ಬೇಕಾಯಿತು. ಎರಡೂ ಸರಕಾರವೇ, ಆದರೆ ಎರಡರ ಬೇರು ಬೇರೆ.

ವಿಲ್ಲೇಜ್ ಆಫೀಸು ಮೇಲಿನಿಂದ ಕೆಳಗೆ ಇಳಿದು ಬಂದದ್ದು. ತಿರುವನಂತಪುರದ ಕಂದಾಯ ಇಲಾಖೆ, ವಿದ್ಯಾನಗರದ ಕಲೆಕ್ಟರ್, ಉಪ್ಪಳದ ತಹಶೀಲ್ದಾರ್, ಕಟ್ಟಕಡೆಗೆ ನಮ್ಮ ವಿಲ್ಲೇಜ್ ಆಫೀಸರ್. ಜಾಗ, ತೀರ್ವೆ, ಜಾತಿ, ಆದಾಯ, ವಾರಸು ಎಲ್ಲ ಅವರ ಪಾಲಿನದ್ದು. ಪಂಚಾಯತ್ ಕೆಳಗಿನಿಂದ ಮೇಲೆ ಹೋಗುವುದು: ನಾವು ವೋಟು ಹಾಕಿದ ವಾರ್ಡ್ ಮೆಂಬರ್, ಪ್ರೆಸಿಡೆಂಟ್, ಆಮೇಲೆ ಬ್ಲಾಕ್, ಜಿಲ್ಲಾ ಪಂಚಾಯತ್. ಮನೆ ನಂಬರ್, ಲೈಸೆನ್ಸ್, ಜನನ-ಮರಣ, ದಾರಿದೀಪ, ಕಸ ಅವರದ್ದು. 2025ರ ಡಿಸೆಂಬರಿನಲ್ಲಿ ಪಂಚಾಯತ್ ಚುನಾವಣೆ ಬಂದು ನಮ್ಮ ವಾರ್ಡಿನ ಮೆಂಬರ್ ಬದಲಾದರು. ನೂರು ಹೆಜ್ಜೆ ಆಚೆ ವಿಲ್ಲೇಜ್ ಆಫೀಸಿನಲ್ಲಿ ಒಂದು ಕುರ್ಚಿಯೂ ಅಲುಗಾಡಲಿಲ್ಲ. ನನಗೆ ಸರಿಯಾಗಿ ಅರ್ಥ ಆದದ್ದು ಅವತ್ತೇ.

ಇದನ್ನು ನಾಲ್ಕು ಗೆರೆಯಲ್ಲಿ ಬರೆದು ಎರಡೂ ಗೇಟಿಗೆ ತಗುಲಿಸಿದ್ದರೆ ನನ್ನ ಹತ್ತೊಂಬತ್ತು ಸಲದಲ್ಲಿ ಆರು ಸಲ ಉಳಿಯುತ್ತಿತ್ತು. ಬೋರ್ಡುಗಳು ಇಲ್ಲ ಎಂದಲ್ಲ. ಗೋಡೆ ತುಂಬ ಬೋರ್ಡೇ. ಯಾವ ಸರ್ಟಿಫಿಕೇಟಿಗೆ ಎಷ್ಟು ದಿನ, ಯಾರ ಹತ್ತಿರ ದೂರು, ಎಲ್ಲ ಬರೆದಿದ್ದಾರೆ. ಕೇರಳದಲ್ಲಿ 2012ರಿಂದ ಸೇವಾ ಹಕ್ಕಿನ ಕಾಯ್ದೆ ಉಂಟು, ಕರ್ನಾಟಕದಲ್ಲಿ ಸಕಾಲ ಸುರುವಾದದ್ದೂ ಅದೇ ವರ್ಷ. ಇಷ್ಟು ದಿನದೊಳಗೆ ಕೆಲಸ ಮಾಡಿಕೊಡಬೇಕು ಎಂಬ ಲೆಕ್ಕ ಎರಡೂ ಕಡೆ ಒಂದೇ. ಆದರೆ ಇಲ್ಲಿಯ ಬೋರ್ಡಿನಲ್ಲಿ ಮೇಲಿನ ಹೆಸರೊಂದು ಕನ್ನಡದಲ್ಲಿ, ಕೆಳಗಿನ ಪಟ್ಟಿ ಪೂರ್ತಿ ಮಲಯಾಳದಲ್ಲಿ. ಹೆಸರು ನಮಗೆ ಮೊದಲೇ ಗೊತ್ತಲ್ಲ ಮಾರಾಯ್ರೆ, ಬೇಕಾದ್ದು ಪಟ್ಟಿ.

ಮಲಯಾಳ ನನಗೆ ಕಿವಿಯಲ್ಲಿ ಬರುತ್ತದೆ, ಕಣ್ಣಿನಲ್ಲಿ ಬರುವುದಿಲ್ಲ. ಅಂಗಡಿಗೆ ಬರುವ ಬ್ಯಾರಿ ಹೆಂಗಸರ ಹತ್ತಿರ, ಟೀಚರುಗಳ ಹತ್ತಿರ ಮಾತಾಡಿ ಮಾತಾಡಿ ಬಂದದ್ದು. ಎರಡು ಭಾಷೆಯೂ ಹತ್ತಿರದವು, ಸಂಸ್ಕೃತದ ಶಬ್ದ ಬೇಕಾದಷ್ಟು, ನಡೆಯುತ್ತದೆ ಎಂಬ ಧೈರ್ಯ ಇತ್ತು. ಆ ಹತ್ತಿರವೇ ಗುಂಡಿಗೆ ಹಾಕುವುದು. ಮೂರನೆಯ ಸಲ ಹೋದಾಗ ಆಫೀಸರಿಗೆ ಇವತ್ತು ‘ಅವಧಿ’ ಎಂದರು ಕೌಂಟರಿನವರು. ನನಗೆ ಅವಧಿ ಎಂದರೆ ಸಮಯ, ಕಾಲ. ಯಾವುದೋ ಅವಧಿ ಮುಗಿದ ಮೇಲೆ ಬರುತ್ತಾರೆ ಎಂದುಕೊಂಡು ಹನ್ನೆರಡೂವರೆ ತನಕ ಕೂತೆ. ಮಲಯಾಳದಲ್ಲಿ ಅವಧಿ ಎಂದರೆ ರಜೆ. ‘ಅಪೇಕ್ಷ ಕೊಡಿ’ ಎಂದಾಗ ನನ್ನ ಆಸೆ ಕೇಳುತ್ತಿದ್ದಾರೆ ಎಂದುಕೊಂಡು ಲೈಸೆನ್ಸ್ ಬೇಕೆಂದು ಹೇಳಿದೆ. ಅಪೇಕ್ಷ ಎಂದರೆ ಅರ್ಜಿ. ‘ಅವಕಾಶಿಗಳು ಎಷ್ಟು ಜನ?’ ಎಂದರೆ ವಾರಸುದಾರರು ಎಷ್ಟು ಎಂದು. ಇವೆಲ್ಲ ನಗಾಡುವ ಸಂಗತಿ, ಹೋಗಲಿ. ‘ನಿಲಂ’ ಮಾತ್ರ ನನಗೆ ಒಂದೂವರೆ ತಿಂಗಳು ತಿಂದಿತು.

ಅವತ್ತು ಕೌಂಟರಿನಲ್ಲಿ ಹೊಸ ಹುಡುಗ. ದಸ್ತಾವೇಜು ತಿರುಗಿಸಿ ನೋಡುತ್ತ ‘ನಿಲಂ ಆಣೋ?’ ಎಂದ. ನೆಲವೇ ಅಲ್ವಾ ಮತ್ತೆ, ಆಕಾಶವಾ? ‘ಹೌದು ಹೌದು, ನಿಲಂ’ ಎಂದು ತಲೆ ಆಡಿಸಿದೆ. ಅವನ ಮುಖ ಸಪ್ಪೆ ಆಯಿತು. ಕಾಗದದ ಬದಿಯಲ್ಲಿ ಎಂತದೋ ಗೀಚಿ ಇಟ್ಟುಕೊಂಡ. ಇಲ್ಲಿಯ ಕಂದಾಯ ಲೆಕ್ಕದಲ್ಲಿ ನಿಲಂ ಎಂದರೆ ಗದ್ದೆ. ತೋಟ, ಮನೆ ಹಿತ್ತಿಲಿಗೆ ‘ಪುರಯಿಡಂ’ ಎನ್ನುವುದು. 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗು ಭೂಮಿ ಉಳಿಸುವ ಕಾಯ್ದೆ ಬಂದ ಮೇಲೆ ನಿಲಂ ಎಂದು ದಾಖಲಾದ ಜಾಗದಲ್ಲಿ ಕಟ್ಟಡಕ್ಕೆ ನಂಬರ್ ತೆಗೆಯುವುದು ಹಗುರದ ಕೆಲಸ ಅಲ್ಲ. ನಮ್ಮದು ಮಾವನ ಅಪ್ಪ ಅಡಿಕೆ ನೆಟ್ಟ ತೋಟ. ಅದನ್ನು ನಾನು ಒಂದೇ ಮಾತಿನಲ್ಲಿ ಗದ್ದೆ ಮಾಡಿಬಿಟ್ಟಿದ್ದೆ. ಆಮೇಲೆ ಜಾಗ ನೋಡಿ ಬರಬೇಕು ಎಂದಾಯಿತು, ನೋಡುವವರಿಗೆ ಮಳೆ ಅಡ್ಡ ಬಂತು, ಮಳೆ ಬಿಟ್ಟರೆ ಅವರಿಗೆ ಬೇರೆ ಡ್ಯೂಟಿ. ಕೊನೆಗೆ ಮೂಲ ತೆರಿಗೆ ರಿಜಿಸ್ಟರ್ ತೆರೆದು ನೋಡಿದರೆ ಪುರಯಿಡಂ ಎಂದೇ ಇತ್ತು. ಸುರುವಿಗೇ ರಿಜಿಸ್ಟರ್ ನೋಡಬಹುದಿತ್ತಲ್ಲ ಎಂದು ನನಗೂ ಅನಿಸಿತು. ಕೇಳಿದವರಿಗೆ ತಲೆ ಆಡಿಸಿದ್ದು ನಾನೇ, ಹಾಗಾಗಿ ಬಾಯಿ ಬಿಡಲಿಲ್ಲ.

ಆಮೇಲೆ ನಾನೂ ಹುಷಾರಾದೆ. ಹೈಸ್ಕೂಲಿನ ಕನ್ನಡ ಮಾಸ್ಟ್ರೊಬ್ಬರು ಹೇಳಿಕೊಟ್ಟರು. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯ ಮೂರನೆಯ ಸೆಕ್ಷನ್ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂದು ಸರಕಾರ ಘೋಷಿಸಿದ ಕಡೆ ತಮಿಳರು ಮತ್ತು ಕನ್ನಡಿಗರು ಅವರವರ ಭಾಷೆಯಲ್ಲೇ ಸರಕಾರಿ ಕಚೇರಿಗಳಿಗೆ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ನಾನು ಕನ್ನಡದಲ್ಲಿ ಅರ್ಜಿ ಬರೆದು ಕೊಟ್ಟೆ. ಬೇಡ ಎನ್ನದೆ ತೆಗೆದುಕೊಂಡರು, ರಶೀದಿಯೂ ಕೊಟ್ಟರು. ಹದಿನೆಂಟು ದಿನ ಬಿಟ್ಟು ಉತ್ತರ ಬಂತು, ಮಲಯಾಳದಲ್ಲಿ. ಅದನ್ನು ಓದಿಸಲಿಕ್ಕೆ ನೆರೆಮನೆಯ ಎಂಟನೆಯ ಕ್ಲಾಸಿನ ಹುಡುಗನ ಹತ್ತಿರ ಹೋಗಬೇಕಾಯಿತು. ಮತ್ತೊಂದು ಕಾಗದ ಬರೆದೆ. ಈ ಸಲ ಸೆಕ್ಷನ್ ನಂಬರ್ ಹಾಕಿ, ಮಾಸ್ಟ್ರು ಹೇಳಿದ ಹಾಗೆ ಮರ್ಯಾದೆಯಲ್ಲೇ ಬರೆದೆ. ಬಂದ ಉತ್ತರ ಕನ್ನಡದಲ್ಲೇ ಇತ್ತು. ‘ತಾವು ಸಮರ್ಪಿಸಿದ ಅಪೇಕ್ಷೆಯ ಮೇಲೆ ಪೋಕ್ಕುವರವು ನಡಪಡಿಗಳು ಸ್ವೀಕರಿಸಿ ವರುತ್ತದೆ’ ಎಂದು ಸುರು. ಪೋಕ್ಕುವರವು ಎಂದರೆ ಜಾಗದ ಖಾತೆಯಲ್ಲಿ ಹೆಸರು ಬದಲಿಸುವುದು. ಅಕ್ಷರ ನಮ್ಮದು, ಒಳಗಿನ ಜೀವ ಅವರದ್ದು. ಆದರೂ ಆ ಕಾಗದವನ್ನು ಇಟ್ಟುಕೊಂಡಿದ್ದೇನೆ. ಯಾರೋ ಒಬ್ಬರು ಕೂತು ಕಷ್ಟಪಟ್ಟು ಬರೆದದ್ದಲ್ಲವೇ?

ಬರೆದವರು ಯಾರೆಂದು ಆಮೇಲೆ ಗೊತ್ತಾಯಿತು. ಕಾಸರಗೋಡು ಜಿಲ್ಲೆಗೆಂದು ಪಿಎಸ್‌ಸಿ ಕನ್ನಡ ಮತ್ತು ಮಲಯಾಳಂ ಎರಡೂ ಬಲ್ಲ ಕ್ಲಾರ್ಕ್ ಹುದ್ದೆಗೆ ಬೇರೆಯೇ ಪರೀಕ್ಷೆ ಮಾಡುತ್ತದೆ. ಮೊದಲ ಕನ್ನಡ ಕಾಗದ ಓದಲಿಕ್ಕೆ ಆಫೀಸಿನಲ್ಲಿ ಅಂಥವರು ಯಾರೂ ಇರಲಿಲ್ಲ. ಎರಡನೆಯದು ಹೋದದ್ದು ಆಗಷ್ಟೇ ಬಂದಿದ್ದ ಒಬ್ಬ ಮೇಡಂ ಮೇಜಿಗೆ. ಕನ್ನಡ ಕಲಿತದ್ದು ಶಾಲೆಯ ಎರಡನೆಯ ಭಾಷೆಯಾಗಿ, ಮನೆಯಲ್ಲಿ ಮಲಯಾಳ. ಆರನೆಯ ಸಲದಿಂದ ನಾನು ಅವರ ಮೇಜಿಗೇ ಹೋಗುವುದು. ‘ಅಕ್ಕ, ಇದು ಹೀಗಲ್ಲ, ಹಾಗೆ’ ಎಂದು ಪೆನ್ಸಿಲಿನಲ್ಲಿ ಬರೆದು ತೋರಿಸುತ್ತಾರೆ. ಅವರೊಬ್ಬರಿಗೇ ಐದು ಸ್ಟಾರ್. ಆದರೆ ಒಂದು ಸಂಗತಿ, ಅವರು ಅವಧಿ ಹಾಕಿದ ದಿನ ಕನ್ನಡಕ್ಕೂ ಅವಧಿ.

ಇನ್ನು ಹೆಸರಿನ ಕತೆ. ಅತ್ತೆಯ ಹೆಸರು ಲಲಿತ. ದಸ್ತಾವೇಜಿನಲ್ಲಿ ‘ಲಲಿತೆ’, ಆಧಾರಿನಲ್ಲಿ ‘ಲಲಿತಾ ಕೆ.’, ರೇಷನ್ ಕಾರ್ಡಿನಲ್ಲಿ ಮಲಯಾಳದ ರೀತಿಯಲ್ಲಿ ‘ಲಳಿತ’. ಮಾವ ತೀರಿಕೊಂಡದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ಮರಣ ಎಲ್ಲಿ ಆಯಿತೋ ಅಲ್ಲಿಯೇ ದಾಖಲಾಗಬೇಕು ಎಂಬುದು ಕಾನೂನು. ಹಾಗಾಗಿ ಅವರ ಮರಣ ಸರ್ಟಿಫಿಕೇಟ್ ಕರ್ನಾಟಕದ್ದು, ಕನ್ನಡ-ಇಂಗ್ಲಿಷಿನದ್ದು. ಅದರಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಇಲ್ಲಿಯ ಕಾಗದದಲ್ಲಿ ಹೆಸರಿನ ಮುಂದೆ. ಇದಕ್ಕೆಲ್ಲ ವಿಲ್ಲೇಜ್ ಆಫೀಸಿನಲ್ಲಿ ‘ವನ್ ಆಂಡ್ ಸೇಮ್’ ಎಂಬ ಸರ್ಟಿಫಿಕೇಟ್ ಕೊಡುತ್ತಾರೆ. ನಮ್ಮ ಮನೆಗೆ ಎರಡು ಬೇಕಾಯಿತು. ‘ನಾನೂ ನಾನೂ ಒಂದೇ ಎಂದು ಹೇಳಲಿಕ್ಕೂ ಅವರ ಸೀಲು ಬೇಕಾ?’ ಎಂದು ಅತ್ತೆ ಕೇಳಿದರು. ಅವರಿಗೆ ಎಪ್ಪತ್ತೆಂಟು. ಅವರು ಹುಟ್ಟುವಾಗ ಕಲೆಕ್ಟರ್ ಮಂಗಳೂರಿನಲ್ಲಿ ಕೂರುತ್ತಿದ್ದದ್ದು, ಮದರಾಸಿನ ಕಾಲ. ಮದುವೆಯಾಗುವಾಗ ಕಣ್ಣೂರಿನಲ್ಲಿ. 1984ರ ಮೇ 24ಕ್ಕೆ ಕಾಸರಗೋಡು ಜಿಲ್ಲೆಯಾದ ಮೇಲೆ ಈ ಕಡೆಗೆ ಬಂದರು. ಇಷ್ಟು ವರ್ಷದಲ್ಲಿ ಅತ್ತೆ ಆಚೆ ಗುಡ್ಡೆಯಿಂದ ಈಚೆ ಗುಡ್ಡೆಗೆ ಬಂದದ್ದು ಮಾತ್ರ.

ಸರ್ಟಿಫಿಕೇಟುಗಳಿಗೆ ಅರ್ಜಿ ಹಾಕಿದ್ದೆಲ್ಲ ಅಕ್ಷಯದಲ್ಲಿ, ಅಂದರೆ ಸರಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಡುವ ಕೇಂದ್ರದಲ್ಲಿ. ಅಕ್ಷಯ 2002ರಲ್ಲಿ ಮಲಪ್ಪುರದಲ್ಲಿ ಸುರುವಾಗಿ ಈಗ ಕೇರಳದ ಮೂಲೆಮೂಲೆಗೂ ಬಂದಿದೆ. ಸರಕಾರದ ಹೆಸರು, ಸರಕಾರದ ದರಪಟ್ಟಿ. ಆದರೆ ನಡೆಸುವವರು ಖಾಸಗಿಯವರು. ಈ ಲೆಕ್ಕ ನನಗೆ ಇಷ್ಟವಾಯಿತು. ನಾವು ಹೋದರೇ ಅವರಿಗೆ ಸಂಪಾದನೆ, ಹಾಗಾಗಿ ಮುಖ ತಿರುಗಿಸುವುದಿಲ್ಲ. ನಮ್ಮ ಕೇಂದ್ರದಲ್ಲಿ ಮೂರು ಕಂಪ್ಯೂಟರ್, ಒಂದು ಫ್ಯಾನ್, ಗೋಡೆಗೆ ಒರಗಿಸಿದ ಬೆಂಚು. ಅಲ್ಲಿಯ ಹೆಂಗಸು ಫಾರ್ಮ್ ತುಂಬಿಸುವ ಮೊದಲು ‘ಹೆಸರಲ್ಲಿ ಎಚ್ ಉಂಟಾ?’ ಎಂದು ಎರಡು ಸಲ ಕೇಳುತ್ತಾರೆ. ನಾನು ಗಡಿಬಿಡಿಯಲ್ಲಿ ಇಲ್ಲ ಎಂದು ಹೇಳಿ ಒಂದು ಅರ್ಜಿ ವಾಪಸು ಬಂತು. ತಪ್ಪು ನನ್ನದು, ಎರಡನೆಯ ಸಲದ ದುಡ್ಡೂ ನನ್ನದು. ಸರ್ಟಿಫಿಕೇಟ್ ರೆಡಿಯಾದಾಗ ಫೋನಿಗೆ ಮೆಸೇಜ್ ಬರುತ್ತದೆ, ಅಲ್ಲಿಯೇ ಪ್ರಿಂಟ್. ಸೀಲು ಹೊಡೆಸಲಿಕ್ಕೆ ಆಫೀಸಿಗೆ ಓಡುವ ಕೆಲಸ ಇಲ್ಲ.

ತವರಿನಲ್ಲಿ ಅಣ್ಣನಿಗೆ ಇದನ್ನೆಲ್ಲ ಹೇಳುವಾಗ ಅವನು ನಾಡಕಚೇರಿಯ ಕತೆ ತೆಗೆಯುತ್ತಾನೆ. ಅಲ್ಲಿ ಪಹಣಿ ಒಂದಿದ್ದರೆ ಅರ್ಧ ಕೆಲಸ ಮುಗಿಯಿತು. ಯಾರ ಹಕ್ಕು, ಯಾವ ಬೆಳೆ, ಯಾವ ಸಾಲ, ಎಲ್ಲ ಒಂದೇ ಹಾಳೆಯಲ್ಲಿ. ಇಲ್ಲಿ ಪಹಣಿ ಎಂಬುದೇ ಇಲ್ಲ. ತಂಡಪೇರು ಎಂಬ ಜಾಗದ ಖಾತೆ ನಂಬರ್, ತೀರ್ವೆ ರಶೀದಿ, ಜಾಗ ನಮ್ಮ ಕೈಯಲ್ಲೇ ಉಂಟು ಎನ್ನುವ ಕೈವಶ ಸರ್ಟಿಫಿಕೇಟ್, ಲೊಕೇಶನ್ ಸ್ಕೆಚ್, ಒಂದೊಂದಕ್ಕೂ ಒಂದೊಂದು ಹಾಳೆ. ಹಾಗೆಂದು ಎಲ್ಲ ಅಲ್ಲಿಯದ್ದೇ ಮೇಲು ಎಂದಲ್ಲ. ಅಣ್ಣನ ಊರಿನ ಗ್ರಾಮ ಆಡಳಿತ ಅಧಿಕಾರಿಯನ್ನು ಹಿಡಿಯಬೇಕಾದರೆ ಮೊದಲು ಫೋನು ಮಾಡಿ ಇವತ್ತು ಯಾವ ಗ್ರಾಮದಲ್ಲಿ ಇದ್ದೀರಿ ಎಂದು ಕೇಳಬೇಕು. ಇಲ್ಲಿ ವಿಲ್ಲೇಜ್ ಆಫೀಸು ಎಂಬುದೊಂದು ಉಂಟು, ಒಳಗೆ ನಾಲ್ಕೈದು ಜನ, ಹತ್ತಕ್ಕೆ ಬಾಗಿಲು ತೆರೆಯುತ್ತದೆ. ನಮ್ಮದು ಈಗ ಸ್ಮಾರ್ಟ್ ವಿಲ್ಲೇಜ್ ಆಫೀಸು ಬೇರೆ. ಕುರ್ಚಿ, ಕುಡಿಯುವ ನೀರು, ರ್‍ಯಾಂಪು ಉಂಟು. ಅತ್ತೆ ಆ ರ್‍ಯಾಂಪಿನಲ್ಲೇ ಕೈ ಹಿಡಿಸಿಕೊಳ್ಳದೆ ನಡೆದುಹೋದರು.

ಅಳತೆಯದ್ದು ನನ್ನ ಕಸುಬಿನ ವಿಷಯ, ಅದನ್ನು ಬಿಡಲಿಕ್ಕೆ ಆಗುವುದಿಲ್ಲ. ನಮ್ಮ ಹಳೆ ದಸ್ತಾವೇಜಿನಲ್ಲಿ 1 ಎಕರೆ 12 ಸೆಂಟ್ಸ್. ತೀರ್ವೆ ರಶೀದಿಯಲ್ಲಿ ಅದೇ ಜಾಗ 45 ಆರ್ ಮತ್ತು ಚಿಲ್ಲರೆ. ಒಂದು ಆರ್ ಎಂದರೆ 100 ಚದರ ಮೀಟರ್, ಹೆಚ್ಚುಕಡಿಮೆ ಎರಡೂವರೆ ಸೆಂಟ್ಸ್. ಜಾಗ ಅರ್ಧ ಎಲ್ಲಿ ಹೋಯಿತು ಎಂದು ಅತ್ತೆ ಎರಡು ದಿನ ಊಟ ಬಿಟ್ಟಿದ್ದರು. ಇಂಚು ಟೇಪಿನ ಹಿಂದಿನ ಬದಿ ತೋರಿಸಿ ಹೇಳಿದೆ: ‘ಅತ್ತೆ, ನಿಮ್ಮ ರವಕೆ ಮೂವತ್ತಾರು ಇಂಚೂ ಹೌದು, ತೊಂಬತ್ತೊಂದೂವರೆ ಸೆಂಟಿಮೀಟರೂ ಹೌದು. ರವಕೆ ದೊಡ್ಡದಾಯಿತಾ?’ ಆಗ ಸಮಾಧಾನ. ತೀರ್ವೆ ಹೆಚ್ಚಾದದ್ದು ಮಾತ್ರ ಅಳತೆಯ ಮಾಯೆ ಅಲ್ಲ. 2025ರ ಬಜೆಟಿನಲ್ಲಿ ಕೇರಳ ಸರಕಾರ ಭೂ ತೆರಿಗೆಯನ್ನು ಅರ್ಧದಷ್ಟು ಏರಿಸಿತು, ತೀರಾ ಕೆಳಗಿನ ದರವೇ ಆರ್‌ಗೆ 5 ರೂಪಾಯಿಯಿಂದ 7 ರೂಪಾಯಿ 50 ಪೈಸೆಗೆ ಹೋಯಿತು.

ವಾರಸುದಾರರ ಸರ್ಟಿಫಿಕೇಟ್ ಕೊಡುವುದು ತಹಶೀಲ್ದಾರ್. ಆದರೆ ವಿಚಾರಣೆ ಮಾಡುವುದು ವಿಲ್ಲೇಜಿನವರು. ಫೀಲ್ಡ್ ಅಸಿಸ್ಟೆಂಟ್ ಮನೆಗೆ ಬಂದು ನೆರೆಕರೆಯವರ ಹೇಳಿಕೆ ಬರೆಸಿಕೊಂಡರು. ಇಬ್ಬರು ನಾದಿನಿಯರಲ್ಲಿ ಒಬ್ಬಳು ಗಲ್ಫಿನಲ್ಲಿ. ಅವಳ ಆಧಾರ್ ಪ್ರತಿ ಫೋನಿನಲ್ಲಿ ಬಂತು. ಆಮೇಲೆ ಗೆಜೆಟಿನಲ್ಲಿ ಹಾಕಿ 30 ದಿನ ಕಾಯಬೇಕು, ಯಾರದಾದರೂ ತಕರಾರು ಉಂಟಾ ಎಂದು. ಇದು ಉದ್ದ ಆಯಿತು ಎಂದು ಬಯ್ಯುವವರು ಇದ್ದಾರೆ. ನನಗೆ ಹಾಗೆ ಕಾಣಲಿಲ್ಲ. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹೆಸರು ಮಾಡಿಸಿಕೊಂಡು ಕೋರ್ಟಿಗೆ ಅಲೆದದ್ದನ್ನು ನಮ್ಮ ವಠಾರದಲ್ಲೇ ಕಂಡಿದ್ದೇನೆ. ಆ ಮೂವತ್ತು ದಿನ ಸರಿಯೇ. ಸರಿ ಇಲ್ಲದ್ದು, ಮೂವತ್ತೊಂದನೆಯ ದಿನದಿಂದ ಫೈಲು ಯಾರ ಮೇಜಿನಲ್ಲಿ ಉಂಟು ಎಂದು ಯಾರಿಗೂ ಗೊತ್ತಿಲ್ಲದ್ದು. ನನ್ನದು ಹಾಗೆ ಇಪ್ಪತ್ತಾರು ದಿನ ಎಲ್ಲಿಯೋ ಕೂತಿತ್ತು.

ಹೊಟ್ಟೆಕಿಚ್ಚಿನ ಒಂದು ಮಾತು. ನಮ್ಮದೇ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿ ಕಂದಾಯ, ನೋಂದಣಿ, ಸರ್ವೆ ಮೂರೂ ಇಲಾಖೆಯನ್ನು ‘ಎಂಡೆ ಭೂಮಿ’ ಎಂಬ ಒಂದೇ ಪೋರ್ಟಲಿಗೆ ಹೊಲಿದಿದ್ದಾರೆ. 2024ರ ಅಕ್ಟೋಬರಿನಲ್ಲಿ ಇಡೀ ಕೇರಳದಲ್ಲೇ ಮೊದಲು ಅಲ್ಲಿ ಸುರುವಾದದ್ದು. ಜಾಗ ಮಾರುವಾಗ ಸ್ಕೆಚ್, ರಿಜಿಸ್ಟ್ರಿ, ಪೋಕ್ಕುವರವು ಮೂರಕ್ಕೂ ಮೂರು ಕಡೆ ಓಡುವುದನ್ನು ತಪ್ಪಿಸಲಿಕ್ಕೆ. ಡಿಜಿಟಲ್ ಸರ್ವೆ ಮುಗಿದ ಊರುಗಳಿಗೆಲ್ಲ ಇದು ಬರಬೇಕು. ನಾನು ಅಂಗಡಿಗೆ ಬಂದ ಆ ಕಡೆಯ ಒಬ್ಬ ಹೆಂಗಸಿನ ಹತ್ತಿರ ಕೇಳಿದೆ, ಹೇಗುಂಟು ಎಂದು. ‘ನಮ್ಮದು ಮಾರಲಿಕ್ಕೆ ಇಲ್ಲ ಅಕ್ಕ’ ಎಂದಳು.

ಪಂಚಾಯತಿಗೆ ಎರಡನೆಯ ಸಲ ಹೋದದ್ದು ಕೈಯಲ್ಲಿ ಹೊಸ ರಶೀದಿ ಹಿಡಿದುಕೊಂಡು. ಇಲ್ಲಿಯ ಪಂಚಾಯತ್ ನೋಡಿದರೆ ವಿಟ್ಲದ ಕಡೆಯವರಿಗೆ ಆಶ್ಚರ್ಯ ಆಗುತ್ತದೆ. ಕರ್ನಾಟಕದಲ್ಲಿ ಆರು ಸಾವಿರದ ಹತ್ತಿರ ಗ್ರಾಮ ಪಂಚಾಯತ್ ಉಂಟು, ಇಡೀ ಕೇರಳದಲ್ಲಿ 941. ಒಂದೊಂದೂ ಸಣ್ಣ ತಾಲೂಕಿನ ಹಾಗೆ. 1994ರ ಪಂಚಾಯತ್ ರಾಜ್ ಕಾಯ್ದೆ ಬಂದು, 1996ರಲ್ಲಿ ಜನಕೀಯ ಯೋಜನೆ ಎಂದು ರಾಜ್ಯದ ಯೋಜನಾ ಹಣದ ಶೇಕಡಾ 35-40ರಷ್ಟು ಕೆಳಗೆ ಬಿಟ್ಟುಕೊಟ್ಟರು. ಕೃಷಿ ಭವನ, ದನದ ಆಸ್ಪತ್ರೆ, ಆರೋಗ್ಯ ಕೇಂದ್ರ, ಅಂಗನವಾಡಿ ಎಲ್ಲದರ ಮೇಲ್ವಿಚಾರಣೆಯೂ ಪಂಚಾಯತಿಗೆ ಬಂತು. ಸಂಬಳ ಸರಕಾರದ್ದು, ಉಸ್ತುವಾರಿ ಪಂಚಾಯತಿನದ್ದು. ಅಡಿಕೆಗೆ ಮದ್ದು ಬಿಡುವ ಮೈಲುತುತ್ತಿನ ಸಬ್ಸಿಡಿಗೆ ಅತ್ತೆ ಹೋಗುವ ಕೃಷಿ ಭವನ ಇದೇ ಕಂಪೌಂಡಿನ ಹಿಂದೆ. ಅಡಿಕೆ ಹಾಕುವುದು ಮಾತ್ರ ಕ್ಯಾಂಪ್ಕೋಗೆ. ಅದು 1973ರಲ್ಲಿ ಕರ್ನಾಟಕ-ಕೇರಳ ಎರಡೂ ಕಡೆಯ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಆದ ಸಹಕಾರಿ. ಅತ್ತೆಯ ಲೆಕ್ಕದಲ್ಲಿ ಅದೂ ಸರಕಾರವೇ. ಅಲ್ಲ, ಸದಸ್ಯರದ್ದು ಎಂದು ಹೇಳಿದರೆ ‘ಕನ್ನಡದಲ್ಲಿ ರಶೀದಿ ಕೊಡುವುದು ಅದೊಂದೇ, ಅದೂ ಸರಕಾರ ಅಲ್ವಾ?’ ಎಂದು ಬೇಜಾರು ಮಾಡಿಕೊಂಡರು.

ಪಂಚಾಯತಿನ ಕೆಲಸ ಈಗ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ನಗರಸಭೆಗಳಿಗೆ 2024ರ ಜನವರಿ 1ಕ್ಕೇ ಬಂದದ್ದು, ಗ್ರಾಮ ಪಂಚಾಯತಿಗೆ 2025ರ ಏಪ್ರಿಲಿನಲ್ಲಿ. ಅರ್ಜಿ ಫೋನಿನಲ್ಲೇ ಹಾಕಿದೆ, ಮಗಳು ಪಕ್ಕದಲ್ಲಿ ಕೂತಿದ್ದಳು. ಫೈಲು ಯಾರ ಹತ್ತಿರ ಉಂಟು ಎಂದು ಅದರಲ್ಲಿ ಕಾಣುತ್ತದೆ. ವಿಲ್ಲೇಜಿನ ಇಪ್ಪತ್ತಾರು ದಿನ ಕುರುಡಿಯ ಹಾಗೆ ಕಾದವಳಿಗೆ ಇದು ಸ್ವರ್ಗ. ಓವರ್‌ಸಿಯರ್ ಹತ್ತಿರ ಮೂರು ದಿನ ನಿಂತದ್ದು ಕಂಡಿತು, ಹೋಗಿ ಕೇಳಿದೆ, ಮರುದಿನ ಸರಿಯಿತು. ಹರಿತ ಕರ್ಮ ಸೇನೆಯ ರಶೀದಿ ಉಂಟಾ ಎಂದೂ ಕೇಳಿದರು. ಪ್ಲಾಸ್ಟಿಕ್ ಒಯ್ಯಲಿಕ್ಕೆ ತಿಂಗಳಿಗೊಮ್ಮೆ ಬರುವ ಇಬ್ಬರು ಹೆಂಗಸರು, ಮನೆಗೆ 50 ರೂಪಾಯಿ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಫೋನು ಹಿಡಿದು ಲೆಕ್ಕ ಹಾಕುತ್ತಾರೆ. ನಾನು ಬಟ್ಟೆಯ ತುಂಡನ್ನು ಮಾತ್ರ ಒಯ್ಯಲಿಕ್ಕೆ ಹೇಳುತ್ತಿದ್ದೆ, ಅವರು ಪ್ಲಾಸ್ಟಿಕ್ಕಿಗೇ ಕಾಯುತ್ತಿದ್ದರು. ಎರಡು ತಿಂಗಳದ್ದು ಬಾಕಿ ಇತ್ತು, ಕೊಟ್ಟೆ.

ಕೊನೆಗೆ ಕಟ್ಟಡ ತೆರಿಗೆ. ಪಂಚಾಯತಿನಲ್ಲಿ ಪ್ರತಿ ವರ್ಷದ ಕಟ್ಟಡ ತೆರಿಗೆ ಕಟ್ಟಿ ಬರುವಾಗ ಯಾರೋ ಹೇಳಿದರು, ವಿಲ್ಲೇಜಿನಲ್ಲಿಯೂ ಕಟ್ಟಡ ತೆರಿಗೆ ಉಂಟು ಎಂದು. ಹೆಸರು ಒಂದೇ, ತೆರಿಗೆ ಎರಡು. ಒಂದು ಪಂಚಾಯತಿಗೆ, ವರ್ಷವರ್ಷ. ಇನ್ನೊಂದು 1975ರ ಕಾಯ್ದೆಯದ್ದು, ಕಂದಾಯ ಇಲಾಖೆಗೆ, ಜನ್ಮಕ್ಕೊಂದು ಸಲ. ಬೆವರು ಒರಸಿಕೊಂಡು ಆ ನೂರು ಹೆಜ್ಜೆ ಮತ್ತೆ ನಡೆದೆ. ಮೇಡಂ ನೋಡಿ, ‘ನಿಮ್ಮ ಕೋಣೆ ಎಷ್ಟು?’ ಎಂದರು. ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ಅಂದರೆ ಹದಿನೆಂಟು ಚದರ ಮೀಟರಿಗೆ ಸ್ವಲ್ಪ ಮೇಲೆ. ಮನೆಯಾದರೆ 100 ಚದರ ಮೀಟರ್ ತನಕ, ಬೇರೆ ಕಟ್ಟಡವಾದರೆ 50 ತನಕ ಈ ಒಂದು ಸಲದ ತೆರಿಗೆ ಇಲ್ಲ. ‘ನಿಮಗೆ ಎಂತದ್ದೂ ಇಲ್ಲ ಅಕ್ಕ’ ಎಂದು ಕಳಿಸಿದರು. ಹದಿನೇಳನೆಯ ಗೀಟು ಅದು.

ಸ್ಟಾರ್ ಕೊಡಬೇಕಲ್ಲ. ಅಕ್ಷಯಕ್ಕೆ ನಾಲ್ಕು. ಪಂಚಾಯತಿಗೆ ಮೂರೂವರೆ, ಆ ಅರ್ಧ ಸ್ಟಾರ್ ಫೈಲು ಎಲ್ಲುಂಟು ಎಂದು ಕಾಣುವುದಕ್ಕೆ. ವಿಲ್ಲೇಜ್ ಆಫೀಸಿಗೆ ಎರಡೂವರೆ ಎಂದು ಬರೆದಿದ್ದೆ, ಆಮೇಲೆ ಮೂರು ಮಾಡಿದೆ. ಹತ್ತೊಂಬತ್ತು ಸಲದಲ್ಲಿ ಎಲ್ಲಿಯೂ, ಯಾರೂ, ಚಾಯ ಕುಡಿಯಲಿಕ್ಕೆ ಎಂದಾದರೂ ಐದು ರೂಪಾಯಿ ಕೇಳಲಿಲ್ಲ. ಇದನ್ನು ಅಣ್ಣನಿಗೆ ಹೇಳಿದರೆ ನಂಬುವುದಿಲ್ಲ. ಹೋಗುವವರಿಗೆ ನಾನು ಹೇಳುವುದಿಷ್ಟೇ: ಮಂಗಳವಾರ, ಬುಧವಾರ ಹೋಗಿ, ರಶ್ ಕಡಿಮೆ. ಅರ್ಜಿ ಕನ್ನಡದಲ್ಲೇ ಬರೆಯಿರಿ, ಒಂದು ಪ್ರತಿಗೆ ತಾರೀಕು ಹಾಕಿಸಿಕೊಳ್ಳಿ. ‘ನಿಲಂ’ ಎಂದರೆ ತಲೆ ಆಡಿಸಬೇಡಿ.

ಹೊಸ ತೀರ್ವೆ ರಶೀದಿಯನ್ನು ಅತ್ತೆಗೆ ಕೊಟ್ಟೆ. ಮಾವನ ಹೆಸರಿದ್ದ ಕಡೆ ಈಗ ನಾಲ್ಕು ಹೆಸರು, ಮೊದಲನೆಯದು ಅವರದ್ದು. ಅವರ ಟ್ರಂಕಿನಲ್ಲಿ 1956ಕ್ಕಿಂತ ಮೊದಲಿನ ತೀರ್ವೆ ರಶೀದಿಗಳೂ ಉಂಟು, ಕನ್ನಡದವು, ಮಡಿಕೆ ಹಾಕಿದ ಕಡೆ ಹರಿದುಹೋದವು. ಕನ್ನಡಕ ಹಾಕಿ ಹೊಸದನ್ನು ಎರಡೂ ಬದಿ ನೋಡಿದರು. ‘ಇದರಲ್ಲಿ ನನ್ನ ಹೆಸರು ಯಾವುದು?’ ಬೆರಳಿಟ್ಟು ತೋರಿಸಿದೆ. ‘ಲಲಿತ ಅಂತಲೇ ಉಂಟಾ?’ ಎಂದು ಕೇಳಿದರು. ಉಂಟು ಎಂದೆ. ಲಳಿತ ಎಂದು ಹೇಳಿದರೆ ಇನ್ನೊಂದು ಸರ್ಟಿಫಿಕೇಟಿಗೆ ಹೊರಡಬೇಕಾದೀತು ಎಂಬ ಹೆದರಿಕೆ.

ಲೈಸೆನ್ಸ್ ಬಂತು. ಬ್ಯಾಂಕಿನವರು ಅದರ ಜೆರಾಕ್ಸ್ ತೆಗೆದುಕೊಂಡು, ವಿಲ್ಲೇಜ್ ಆಫೀಸಿನಿಂದ ಒಂದು ಕೈವಶ ಸರ್ಟಿಫಿಕೇಟ್ ಕೂಡ ತನ್ನಿ ಎಂದಿದ್ದಾರೆ. ಬುಧವಾರ ಹೋಗಬೇಕು. ಮೇಡಂ ಇದ್ದಾರಾ ಎಂದು ಮೊದಲೇ ಫೋನು ಮಾಡಿ ಕೇಳಿಕೊಂಡಿದ್ದೇನೆ.